ಮೋಡ ಕವಿದರೂ ಕೆಡದ ನಡಿಗೆ: ಮಕ್ಕಳೊಂದಿಗೆ ಹಾರ್ಟನ್ ಪ್ಲೇನ್ಸ್

ಶ್ರೀಲಂಕಾ ಪ್ರವಾಸದಲ್ಲಿ ನುವಾರ ಎಲಿಯಕ್ಕೆ ಹೋದವರು ಅಲ್ಲಿಂದ ಸುಮಾರು 32 ಕಿ.ಮೀ. ದೂರದ ಹಾರ್ಟನ್ ಪ್ಲೇನ್ಸ್‌ಗೂ ಹೋಗುವುದುಂಟು. ಸಮುದ್ರಮಟ್ಟದಿಂದ 2,100 ಮೀಟರಿಗೂ ಎತ್ತರದ ಈ ಪ್ರಸ್ಥಭೂಮಿ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೆಚ್ಚಿನವರಿಗೆ ಇಲ್ಲಿನ ಆಕರ್ಷಣೆ ಸುಮಾರು 870 ಮೀಟರ್ ಆಳದ ‘ವರ್ಲ್ಡ್ಸ್ ಎಂಡ್’ ಪ್ರಪಾತ. ಆದರೆ ಬೆಳಿಗ್ಗೆ ಒಂಬತ್ತು, ಹತ್ತು ಗಂಟೆಯಾಗುತ್ತಲೇ ಕಣಿವೆಯಿಂದ ಮೋಡ ಮೇಲೇರಿ ಪ್ರಪಾತವನ್ನು ಮುಚ್ಚಿಬಿಡುವುದು ಮಾಮೂಲು. ಆ ಒಂದು ನೋಟಕ್ಕಾಗಿ ಮಕ್ಕಳನ್ನು ದರದರ ಎಳೆದೊಯ್ದರೆ ಅವರಿಗೆ ಸುಸ್ತು, ದೊಡ್ಡವರಿಗೆ ನಿರಾಸೆ. ಕುಟುಂಬ ಸಮೇತ ಹೋಗುವವರು ಕಾಡು ನೋಡಲೆಂದೇ ಹೋಗಬೇಕು. ಪ್ರಪಾತ ಕಂಡರೆ ಅದು ಲಾಭ.

ಹೀಗೆನ್ನಲು ಕಾರಣ ಆ ಕಾಡಿನಲ್ಲೇ ಇದೆ. ಇಲ್ಲಿ ಮೋಡ ಕಾಡನ್ನು ಮರೆಮಾಡುವುದಷ್ಟೇ ಅಲ್ಲ, ಸಾಕುತ್ತದೆ ಕೂಡ. ತೇಲಿಬರುವ ಮಂಜಿನ ಹನಿಗಳು ಎಲೆ, ಕೊಂಬೆ, ಪಾಚಿಗಳಿಗೆ ತಗುಲಿ, ಒಂದಕ್ಕೊಂದು ಕೂಡಿ, ಮಳೆಯಿಲ್ಲದಾಗಲೂ ನೆಲಕ್ಕೆ ತೊಟ್ಟಿಕ್ಕುತ್ತವೆ. ನಮ್ಮ ನೇರಳೆ ಮತ್ತು ಸುರಹೊನ್ನೆಯ ಬಳಗಕ್ಕೆ ಸೇರಿದ ಮರಗಳು ಇಲ್ಲಿ ಗಾಳಿಗೆ ಗಿಡ್ಡಾಗಿ, ತಿರುಚಿಕೊಂಡು, ಮೈತುಂಬ ಪಾಚಿ ಹೊದ್ದು ನಿಂತಿವೆ. ಹೀಗೆ ಇಂಗಿದ ನೀರೂ ಮಹಾವೇಲಿ, ಕೆಲನಿ, ವಲವೆ ನದಿಗಳ ಉಪನದಿಗಳಾಗಿ ಹರಿಯುತ್ತದೆ. ಮಂಜಿಲ್ಲದ ದಿನ ಪ್ರಪಾತ ಕಾಣಬಹುದು. ಮೋಡದ ಈ ಕೆಲಸ ಕಾಣುವುದು ಮಂಜಿದ್ದಾಗಲೇ.

ಹಿಂದಿನ ದಿನದ ತಯಾರಿ

ಕೊಲಂಬೊದಿಂದ ನೇರವಾಗಿ ಬಂದು ನಡೆಯಲು ಹೊರಡಬೇಡಿ. ಹಿಂದಿನ ರಾತ್ರಿ ನುವಾರ ಎಲಿಯದಲ್ಲಿ ತಂಗಿ. ಮಕ್ಕಳಿಗೆ ನಿದ್ದೆಯಾಗುತ್ತದೆ, ಚಳಿಗೂ ಮೈ ಒಗ್ಗುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆ ನಡಿಗೆಗೆ ಅನುಕೂಲ. ಆಗಲೂ ಮುಂಜಾನೆ ಕೊರೆಯುವ ಚಳಿ. ಕೆಲವೊಮ್ಮೆ ಹುಲ್ಲಿನ ಮೇಲೆ ಹಿಮ ಕಟ್ಟುವುದೂ ಉಂಟು. ಹತ್ತಿಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈ ತಣ್ಣಗಾಗುತ್ತದೆ. ಆದ್ದರಿಂದ ಬೇಗ ಒಣಗುವ ಅಂಗಿ, ಅದರ ಮೇಲೆ ಸ್ವೆಟರ್, ಅದರ ಮೇಲೆ ರೇನ್‌ಕೋಟ್ ಹಾಕಿ. ಗಾಳಿಗೆ ಕೊಡೆ ನಿಲ್ಲದು. ಎತ್ತರದ ಬಿಸಿಲು ಚುರುಕಾದ್ದರಿಂದ ಟೋಪಿಯೂ ಇರಲಿ. ಪಾಲಿಥಿನ್ ಚೀಲಗಳಿಗೆ ಒಳಗೆ ಪ್ರವೇಶವಿಲ್ಲ, ಬಾಗಿಲಲ್ಲಿ ತಪಾಸಣೆಯಿದೆ. ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಪ್ರವೇಶ ಶುಲ್ಕವನ್ನು ವನ್ಯಜೀವಿ ಇಲಾಖೆಯ ಪ್ರಕಟಣೆಯಲ್ಲಿ ಮೊದಲೇ ನೋಡಿಕೊಳ್ಳಿ.

ನಡಿಗೆಯ ದಿನ

ಉದ್ಯಾನದ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ, ಆ ಹೊತ್ತಿಗೆ ಅಲ್ಲಿರುವಂತೆ ಬೆಳಗಾಗುವ ಮುನ್ನವೇ ಹೊರಡಿ. ತಿರುವು ದಾರಿಯಲ್ಲಿ ವಾಂತಿಯಾಗುವ ಮಕ್ಕಳಿಗೆ ಹೊರಡುವಾಗ ಹಗುರಾದ ತಿಂಡಿ ಸಾಕು. ನಡಿಗೆ ಶುರುವಾಗುವುದು ಫಾರ್ ಇನ್ ಎಂಬಲ್ಲಿ. ಅಲ್ಲಿ ಸುಳಿದಾಡುವ ಕಡವೆಗಳಿಗೆ ಏನನ್ನೂ ತಿನ್ನಿಸಬೇಡಿ. ಮನುಷ್ಯರ ತಿಂಡಿಯ ರುಚಿ ಹತ್ತಿದರೆ ಅವು ಕಸಕ್ಕೂ ಬಾಯಿ ಹಾಕುತ್ತವೆ. ಮುಂದೆ ಅಂಗಡಿಗಳಿಲ್ಲ, ಹಾಗಾಗಿ ಶೌಚಾಲಯದ ಕೆಲಸ, ನೀರು ತುಂಬಿಸಿಕೊಳ್ಳುವುದು ಎಲ್ಲವೂ ಇಲ್ಲೇ ಮುಗಿಯಲಿ. ದಾರಿ ಸುಮಾರು 9 ಕಿ.ಮೀ. ಸುತ್ತು. ದೊಡ್ಡವರು ಮೂರು, ನಾಲ್ಕು ಗಂಟೆಯಲ್ಲಿ ಮುಗಿಸುತ್ತಾರೆ. ಮಕ್ಕಳಿದ್ದರೆ ಐದಾರು ಗಂಟೆ ಇಟ್ಟುಕೊಳ್ಳಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಲಿ, ಉಳಿದವರ ಹೆಜ್ಜೆ ಅವರಿಗೆ ಹೊಂದಿಕೊಳ್ಳಲಿ.

ಮೊದಲು ‘ಸ್ಮಾಲ್ ವರ್ಲ್ಡ್ಸ್ ಎಂಡ್’ ಕಡೆಗೆ ಹೋಗಿ. ಹುಲ್ಲುಗಾವಲು ಮುಗಿದು ಕಾಡು ಸಿಕ್ಕಲ್ಲಿ ನಿಂತು, ಒಂದೇ ಮರದ ಕಾಂಡದ ಮೇಲೆ ಎಷ್ಟು ಬಗೆಯ ಪಾಚಿ, ಜರೀಗಿಡಗಳಿವೆ ಎಂದು ಮಕ್ಕಳು ಎಣಿಸಲಿ, ಕೀಳುವುದು ಬೇಡ. ಪ್ರಪಾತದ ಅಂಚು ಮಂಜಿನಲ್ಲಿ ತಟ್ಟನೆ ಎದುರಾಗುತ್ತದೆ, ಮೊದಲೇ ಕೈ ಹಿಡಿದುಕೊಳ್ಳಿ. ಪುಟ್ಟ ಮಕ್ಕಳು ದಣಿದಿದ್ದರೆ ಅಲ್ಲಿಂದಲೇ ಹಿಂದಿರುಗಿ. ಉಳಿದವರು ವರ್ಲ್ಡ್ಸ್ ಎಂಡ್ ದಾಟಿ ಬೇಕರ್ಸ್ ಜಲಪಾತದ ಮೂಲಕ ಸುತ್ತು ಮುಗಿಸಬಹುದು. ಜಲಪಾತಕ್ಕೆ ಇಳಿಯುವ ಕಡಿದಾದ ದಾರಿ ಜಾರುತ್ತದೆ, ಎಚ್ಚರ.

ಎರಡು ಆಕ್ಷೇಪಗಳು

ಇಷ್ಟು ದೂರ ಬಂದು, ಶುಲ್ಕ ಕೊಟ್ಟು, ಪ್ರಪಾತ ನೋಡದೆ ಮರಳುವುದೇ ಎಂದು ಕೇಳಬಹುದು. ಕೊಟ್ಟ ಹಣ ಹೇಗೂ ಮರಳಿ ಬಾರದು. ದಣಿದ ಮಗುವನ್ನು ಮತ್ತಷ್ಟು ನಡೆಸಿದರೂ ಮೋಡ ಸರಿಯದು. ಹಾಗಿದ್ದರೆ ಬೆಳಗಾಗುವ ಮುನ್ನ ಏಳುವುದೇಕೆ ಎಂಬುದು ಇನ್ನೊಂದು ಪ್ರಶ್ನೆ. ಮಧ್ಯಾಹ್ನ ಮಳೆ ಬರುವ ಸಂಭವ ಹೆಚ್ಚು. ಬೇಗ ಹೊರಟವರಿಗೆ ನಿಧಾನವಾಗಿ ನಡೆಯಲು, ಬೇಕೆಂದಲ್ಲಿ ಕೂರಲು ಬಿಡುವು ಸಿಗುತ್ತದೆ. ಮುಂಜಾನೆ ಏಳುವುದು ಆ ಬಿಡುವಿಗಾಗಿ.

ಹೀಗೆ ಬಿಡುವಾಗಿ ನೋಡುವ ಈ ಕಾಡು ನಮಗೆ ದೂರದ್ದೇನಲ್ಲ. ಪಶ್ಚಿಮಘಟ್ಟ ಮತ್ತು ಶ್ರೀಲಂಕಾವನ್ನು ವಿಜ್ಞಾನಿಗಳು ಒಂದೇ ಜೀವವೈವಿಧ್ಯ ತಾಣವಾಗಿ ಗುರುತಿಸುತ್ತಾರೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಕುದುರೆಮುಖದ ಶೋಲಾ ಕಾಡುಗಳೂ ಹೀಗೆಯೇ ಮಂಜನ್ನು ಹಿಡಿದು ನೆಲಕ್ಕಿಳಿಸುತ್ತವೆ. ನಮ್ಮ ಹೊಳೆಗಳಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡರೆ, ಪ್ರಪಾತ ಕಾಣದಿದ್ದರೂ ಪ್ರವಾಸ ಸಾರ್ಥಕ.