ಶನಿವಾರ ಒಂದು ಗಂಟೆ ಚೆಸ್

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ಪವರ್‌ಲೂಮ್ ಸದ್ದಿನ ನಡುವೆ ಓದುವ ಹೈಸ್ಕೂಲು ಮಕ್ಕಳಿಗೆ ನೆಮ್ಮದಿಯಾಗಿ ಕೂತು ಯೋಚಿಸಲು ಜಾಗವೇ ಇರುವುದಿಲ್ಲ. ಮೇಷ್ಟ್ರೇ, ಶನಿವಾರ ತರಗತಿ ಮುಗಿದ ಮೇಲೆ ಒಂದು ಕೊಠಡಿ ಬಿಟ್ಟುಕೊಡಿ. ನಾಲ್ಕು ಚೆಸ್ ಬೋರ್ಡ್ ಸಾಕು. ಆದರೆ ಪ್ರತಿ ನಡೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿ. ಸೋತ ಹುಡುಗಿ ಪುಟ ತಿರುವಿ, "ಸಾರ್, ಇಲ್ಲಿ ಕುದುರೆ ನಡೆಸಬಾರದಿತ್ತು" ಎಂದು ತಾನೇ ಬೆರಳಿಟ್ಟು ತೋರಿಸಲಿ. ಯಾರಿಂದಲೂ ಬೈಸಿಕೊಳ್ಳದೆ ತಪ್ಪು ಹುಡುಕುವ ಈ ರೂಢಿಯೇ ದೊಡ್ಡ ಲಾಭ.

ಗಣಿತದ ಅಂಕ ಏರುತ್ತದೆಂದು ಮಾತ್ರ ಆಸೆ ಹುಟ್ಟಿಸಬೇಡಿ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ನಡೆದು 2016ರಲ್ಲಿ ವರದಿಯಾದ ದೊಡ್ಡ ಅಧ್ಯಯನದಲ್ಲಿ ಅದು ಕಾಣಲಿಲ್ಲ. ಬದಲಿಗೆ, ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದನ್ನು ಹೇಳಿ, ಮಕ್ಕಳ ಕಣ್ಣರಳಲಿ.

ಅಮ್ಮಂದಿರೇ, ಹೆಣ್ಣುಮಕ್ಕಳನ್ನೂ ಕಳಿಸಿ. ಕಂಡಿಕೆ ಸುತ್ತುವ ಕೆಲಸ ಒಂದು ಗಂಟೆ ಕಾಯಲಿ.