ಪಾಲಿಕೆಯನ್ನು ಕೇಳುವ ಮೊದಲು ಸಂಘವನ್ನು ಕೇಳಿ

ಪೌರಕಾರ್ಮಿಕರ ಸಂಘ ಎಂದೊಡನೆ ಕಣ್ಣಿಗೆ ಕಟ್ಟುವುದು ಫ್ರೀಡಂ ಪಾರ್ಕಿನ ಧರಣಿ, ಪಾಲಿಕೆ ಕಚೇರಿಯ ಮುಂದಿನ ಘೋಷಣೆ, ಆಯುಕ್ತರಿಗೆ ಮನವಿಪತ್ರ ಕೊಡುತ್ತಿರುವ ಪದಾಧಿಕಾರಿಗಳ ಫೋಟೊ. ಸಂಘ ಪಾಲಿಕೆಯಿಂದ ಏನನ್ನು ಕೇಳಬಹುದು ಎಂಬ ಬಗ್ಗೆ ಕರಪತ್ರಗಳಿವೆ, ಭಾಷಣಗಳಿವೆ. ದಿನ ಬೆಳಗಾಗುವ ಮುನ್ನ ಮಸ್ಟರಿಂಗ್ ಕೇಂದ್ರದಲ್ಲಿ ಹಾಜರಿ ಹಾಕಿ ಪೊರಕೆ ಹಿಡಿಯುವ ಸದಸ್ಯೆ ತನ್ನ ಸಂಘದಿಂದ ಏನನ್ನು ಕೇಳಬಹುದು ಎಂದು ಹೇಳಿಕೊಡುವವರು ವಿರಳ. ಕಾರ್ಮಿಕ ಸಂಘಗಳ ಕಾನೂನು ತೆರೆದು ನೋಡಿದರೆ ಅದರ ಬಹುಪಾಲು ಮಾತಾಡುವುದು ಈ ಎರಡನೆಯ ವಿಷಯವನ್ನೇ: ಸದಸ್ಯರ ಪಟ್ಟಿ, ಹಣದ ಲೆಕ್ಕ, ಪದಾಧಿಕಾರಿಗಳ ಚುನಾವಣೆ. ಒಳಗಿನ ಈ ಹಕ್ಕುಗಳನ್ನು ಸದಸ್ಯರು ಬಳಸದ ಸಂಘ, ಎಷ್ಟೇ ದೊಡ್ಡ ದನಿಯ ನಾಯಕರಿದ್ದರೂ, ಪಾಲಿಕೆಯ ಎದುರು ಕಾನೂನಿನ ದೃಷ್ಟಿಯಲ್ಲಿ ಬಡವಾಗಿಯೇ ಉಳಿಯುತ್ತದೆ ಎಂಬುದು ಈ ಲೇಖನದ ವಾದ.

ಕಾನೂನು ಹೀಗೇಕಿದೆ ಎಂಬುದಕ್ಕೆ ಮದರಾಸಿನ ಒಂದು ಪ್ರಕರಣ ಕಾರಣ. 1918ರಲ್ಲಿ ಬಿ.ಪಿ. ವಾಡಿಯಾ ಅಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ವಿವಾದದಲ್ಲಿ 1920ರ ಹೊತ್ತಿಗೆ, ಆ ಗಿರಣಿಗಳನ್ನು ನಡೆಸುತ್ತಿದ್ದ ಬಿನ್ನಿ ಕಂಪನಿ ವಾಡಿಯಾ ಅವರ ಮೇಲೆಯೇ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದಿತು. ಕಾರ್ಮಿಕರನ್ನು ಕೆಲಸ ನಿಲ್ಲಿಸುವಂತೆ ಪ್ರೇರೇಪಿಸಿದ್ದಕ್ಕೆ ನಾಯಕನೊಬ್ಬ ಸ್ವಂತ ಆಸ್ತಿಯಿಂದ ನಷ್ಟ ಕಟ್ಟಿಕೊಡಬೇಕಾದ ಅಪಾಯ ಅಂದು ಎಲ್ಲರಿಗೂ ಕಂಡಿತು. ಮುಂದಿನ ವರ್ಷ ಕಾರ್ಮಿಕ ನಾಯಕ ಎನ್.ಎಂ. ಜೋಶಿ, ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂದು ಕೇಂದ್ರ ಶಾಸನಸಭೆಯಲ್ಲಿ ಗೊತ್ತುವಳಿ ತಂದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ಅದು ಕೊಟ್ಟದ್ದು ಒಂದು ಕೈಯಲ್ಲಿ ರಕ್ಷಣೆ: ಸಂಘದ ನ್ಯಾಯಬದ್ಧ ಉದ್ದೇಶಕ್ಕಾಗಿ ಮಾಡಿದ ಒಪ್ಪಂದಕ್ಕೆ ಒಳಸಂಚಿನ ಮೊಕದ್ದಮೆ ಇಲ್ಲ, ಕಾರ್ಮಿಕ ವಿವಾದದ ಭಾಗವಾಗಿ ಕೆಲಸ ನಿಲ್ಲಿಸಲು ಕರೆ ಕೊಟ್ಟದ್ದಕ್ಕೆ ಸಿವಿಲ್ ದಾವೆ ಇಲ್ಲ. ಇನ್ನೊಂದು ಕೈಯಲ್ಲಿ ಅದು ಕೇಳಿದ್ದು ನೋಂದಣಿ, ಲಿಖಿತ ಬೈಲಾ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ, ಸದಸ್ಯರಿಗೆ ತೆರೆದಿಟ್ಟ ಪುಸ್ತಕಗಳು. ನಾಯಕರಿಗೆ ಸಿಗುವ ರಕ್ಷಣೆ ನೋಂದಾಯಿತ ಸಂಘದ ಹೆಸರಿನಲ್ಲಿ ಸಿಗುತ್ತದೆ. ನೋಂದಣಿ ಉಳಿಯುವುದು ಈ ಕಟ್ಟಳೆಗಳನ್ನು ಪಾಲಿಸಿದರೆ. ಕಲ್ಲು ತೂರಾಟಕ್ಕೋ ಹಲ್ಲೆಗೋ ಈ ರಕ್ಷಣೆ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯಡಿ ನೋಂದಣಿಯಾದ ಸಂಘಗಳು ಮುಂದುವರಿಯುತ್ತವೆ. ಹೊಸದಾಗಿ ನೋಂದಾಯಿಸುವವರು ಕನಿಷ್ಠ ಏಳು ಮಂದಿ ಅರ್ಜಿ ಹಾಕಬೇಕು, ಆ ಸಂಸ್ಥೆಯ ಕಾರ್ಮಿಕರಲ್ಲಿ ಶೇ. 10ರಷ್ಟು ಅಥವಾ 100 ಮಂದಿ, ಇವೆರಡರಲ್ಲಿ ಕಡಿಮೆಯಾದಷ್ಟು ಸದಸ್ಯಬಲ ತೋರಿಸಬೇಕು. ಸದಸ್ಯರ ಪಟ್ಟಿ ಇಡುವುದು, ಅದನ್ನೂ ಲೆಕ್ಕದ ಪುಸ್ತಕಗಳನ್ನೂ ಸದಸ್ಯರು ನೋಡಲು ಅವಕಾಶ ಕೊಡುವುದು, ವಾರ್ಷಿಕ ಸಾಮಾನ್ಯ ಸಭೆ ನಡೆಸುವುದು, ಗೊತ್ತಾದ ಅವಧಿಗೊಮ್ಮೆ ಪದಾಧಿಕಾರಿಗಳನ್ನು ಚುನಾಯಿಸುವುದು ಬೈಲಾದಲ್ಲಿ ಇರಲೇಬೇಕಾದ ಅಂಶಗಳು. ಪಾಲಿಕೆಯ ಕೆಲಸಗಾರರಲ್ಲದ ಹೊರಗಿನವರು ಪದಾಧಿಕಾರಿಗಳಾಗಬಹುದು, ಆದರೆ ಮಿತಿಯಿದೆ: ಒಟ್ಟು ಪದಾಧಿಕಾರಿಗಳಲ್ಲಿ ಮೂರನೇ ಒಂದು ಭಾಗ ಅಥವಾ ಐವರು, ಯಾವುದು ಕಡಿಮೆಯೋ ಅಷ್ಟು. ಒಂಬತ್ತು ಪದಾಧಿಕಾರಿಗಳಿದ್ದರೆ ಮೂವರು, ಮೂವತ್ತಿದ್ದರೂ ಐವರೇ. ಅಸಂಘಟಿತ ವಲಯದ ಸಂಘಗಳಲ್ಲಿ ಈ ಪಾಲು ಅರ್ಧದವರೆಗೆ ಇರಬಹುದು. ವಕೀಲರೋ ಎಡಪಕ್ಷದ ಕಾರ್ಯಕರ್ತರೋ ಸಂಘದ ಮುಂಚೂಣಿಯಲ್ಲಿದ್ದಾರೆ ಎಂದು ಮೂಗು ಮುರಿಯುವ ಅಧಿಕಾರಿಗಳಿಗೆ ಈ ಕಲಮು ಉತ್ತರ. ಕಾರ್ಮಿಕರೇ ಇಲ್ಲದ ಕಾರ್ಯಕಾರಿ ಸಮಿತಿ ಇಟ್ಟುಕೊಂಡವರಿಗೂ ಅದೇ ಉತ್ತರ. ವಂತಿಗೆಯನ್ನು ಸಂಬಳದಲ್ಲೇ ಹಿಡಿಯುವುದಿದ್ದರೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು. ಮೇಸ್ತ್ರಿ ಬಾಯಿಮಾತಿನಲ್ಲಿ ಹೇಳಿದ ಎಂದು ಹಿಡಿಯುವಂತಿಲ್ಲ.

ಬಳಸುವ ಬಗೆ ಕಷ್ಟದ್ದೇನಲ್ಲ. ಮೊದಲು ಕಾರ್ಯದರ್ಶಿಗೆ ಒಂದು ಪತ್ರ: ನನ್ನ ಸದಸ್ಯತ್ವ ಸಂಖ್ಯೆ ಇಂತಿಷ್ಟು, ಕಳೆದ ವರ್ಷದ ಲೆಕ್ಕಪತ್ರ ಮತ್ತು ಸದಸ್ಯರ ಪಟ್ಟಿ ನೋಡಬೇಕು, ದಿನ ತಿಳಿಸಿ. ನಕಲು ಕೈಯಲ್ಲಿಟ್ಟುಕೊಂಡು ಸ್ವೀಕೃತಿ ಸಹಿ ಪಡೆಯಬೇಕು. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್. ವಂತಿಗೆ ರಸೀದಿಗಳನ್ನು ಎಸೆಯಬಾರದು, ಸದಸ್ಯತ್ವಕ್ಕೆ ಅವೇ ಪುರಾವೆ. ಸಂಘ ನೇರವಾಗಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಸಂಘ ವರ್ಷವರ್ಷ ವಿವರಪಟ್ಟಿ ಸಲ್ಲಿಸಬೇಕಾದ ನೋಂದಣಾಧಿಕಾರಿ ಕಾರ್ಮಿಕ ಇಲಾಖೆಯವರು. ಅವರ ಬಳಿ ಇರುವ ಪ್ರತಿಯನ್ನು ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಉತ್ತರಕ್ಕೆ 30 ದಿನಗಳ ಗಡುವು. ವಂತಿಗೆಯೆಂದು ಎಷ್ಟು ಜನರಿಂದ ಎಷ್ಟು ಹಿಡಿದು ಯಾವ ಖಾತೆಗೆ ಹಾಕಿದ್ದಾರೆ ಎಂಬುದನ್ನು ಪಾಲಿಕೆಯಿಂದಲೂ ಇದೇ ದಾರಿಯಲ್ಲಿ ಪಡೆಯಬಹುದು.

ಇಷ್ಟಕ್ಕೂ ಬಗ್ಗದಿದ್ದರೆ? ಹಳೆಯ ಕಾಯ್ದೆಯ ದೊಡ್ಡ ಕೊರತೆ ಇಲ್ಲೇ ಇತ್ತು. ಚುನಾವಣೆಯೇ ನಡೆಯದ, ಅಥವಾ ಎರಡು ಬಣಗಳು ತಾವೇ ಗೆದ್ದೆವೆಂದು ಹೇಳಿಕೊಂಡ ಸಂದರ್ಭದಲ್ಲಿ ಅದನ್ನು ತೀರ್ಮಾನಿಸುವ ಅಧಿಕಾರ ನೋಂದಣಾಧಿಕಾರಿಗೆ ಇರಲಿಲ್ಲ. ಸಿವಿಲ್ ಕೋರ್ಟಿಗೆ ಅಲೆಯಬೇಕಿತ್ತು. ಹೊಸ ಸಂಹಿತೆ ಸದಸ್ಯರಿಗೂ ಸಂಘಕ್ಕೂ ನಡುವಿನ ವಿವಾದವನ್ನು, ಅಂದರೆ ನೋಂದಣಿ, ಆಡಳಿತ, ಪದಾಧಿಕಾರಿಗಳ ಚುನಾವಣೆ, ಸದಸ್ಯತ್ವ ನಿರಾಕರಣೆ ಇವೆಲ್ಲವನ್ನೂ, ಸಂಘದ ನೋಂದಾಯಿತ ಕಚೇರಿ ಇರುವ ಪ್ರದೇಶದ ಕೈಗಾರಿಕಾ ನ್ಯಾಯಮಂಡಳಿಗೆ ಒಪ್ಪಿಸಿದೆ, ಸಿವಿಲ್ ಕೋರ್ಟನ್ನು ಹೊರಗಿಟ್ಟಿದೆ. ಸಂಹಿತೆಯ ಹಲವು ಅಂಶಗಳನ್ನು ಕಾರ್ಮಿಕ ಸಂಘಟನೆಗಳು ವಿರೋಧಿಸುತ್ತಿವೆ, ಸಕಾರಣವಾಗಿಯೇ. ಈ ಒಂದು ಕಲಮು ಮಾತ್ರ ಸಾಮಾನ್ಯ ಸದಸ್ಯೆಗೆ ಹಿಂದೆಂದೂ ಇಲ್ಲದ ಬಾಗಿಲು ತೆರೆದಿದೆ ಎಂಬುದನ್ನು ಒಪ್ಪಬೇಕು.

ಹೋರಾಟದ ಹೊತ್ತಿನಲ್ಲಿ ಲೆಕ್ಕ ಕೇಳುವುದು ಪಾಲಿಕೆಗೆ ಅಸ್ತ್ರ ಕೊಟ್ಟಂತೆ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ಅದರಲ್ಲಿ ಹುರುಳಿಲ್ಲವೆಂದಲ್ಲ, ಆಡಳಿತವೇ ಒಂದು ಬಣವನ್ನು ಎತ್ತಿಕಟ್ಟಿ ಸಂಘ ಒಡೆದ ಉದಾಹರಣೆಗಳು ಕಾರ್ಮಿಕ ಚಳವಳಿಯಲ್ಲಿ ಬೇಕಾದಷ್ಟಿವೆ, ಅಂಥದ್ದನ್ನು ಕಾನೂನು ಅನುಚಿತ ಕಾರ್ಮಿಕ ಪದ್ಧತಿ ಎಂದು ಕರೆದು ನಿಷೇಧಿಸಿದೆ. ಆದರೆ ಮುಷ್ಕರದ ಅಪಾಯ ಯಾರ ತಲೆಯ ಮೇಲೆ ಬೀಳುತ್ತದೆ ನೋಡಿ. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿಯ ಮೂಲಭೂತ ಹಕ್ಕು, ಮುಷ್ಕರ ಹೂಡುವುದು ಆ ಹಕ್ಕಿನ ಭಾಗವಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಹೇಳಿತು. ಮುಷ್ಕರ ಶಾಸನ ಕೊಟ್ಟ ಹಕ್ಕು, ಶಾಸನದ ಷರತ್ತಿನೊಂದಿಗೆ. ಹೊಸ ಸಂಹಿತೆಯಡಿ 14 ದಿನಗಳ ನೋಟಿಸು ಬೇಕು, ನೋಟಿಸು ಕೊಟ್ಟ 60 ದಿನಗಳೊಳಗೆ ಮುಷ್ಕರ ನಡೆಯಬೇಕು, ಸಂಧಾನ ನಡೆಯುತ್ತಿರುವಾಗಲೂ ಅದು ಮುಗಿದ ಏಳು ದಿನಗಳವರೆಗೂ ಕೆಲಸ ನಿಲ್ಲಿಸುವಂತಿಲ್ಲ. ನೈರ್ಮಲ್ಯ ಸೇವೆ ಹಿಂದಿನಿಂದಲೂ ಸಾರ್ವಜನಿಕ ಉಪಯುಕ್ತ ಸೇವೆಯಾದ್ದರಿಂದ ಪೌರಕಾರ್ಮಿಕರಿಗೆ ನೋಟಿಸಿನ ನಿಯಮ ಹೊಸದಲ್ಲ. ಅರ್ಧ ಅಥವಾ ಅದಕ್ಕೂ ಹೆಚ್ಚು ಜನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ ಎಂಬುದು ಹೊಸದು. ಕಾನೂನುಬಾಹಿರ ಮುಷ್ಕರಕ್ಕೆ ಕಾರ್ಮಿಕರಿಗೆ 1,000ದಿಂದ 10,000 ರೂಪಾಯಿ ದಂಡ, ಅಥವಾ ಒಂದು ತಿಂಗಳವರೆಗೆ ಸೆರೆ, ಅಥವಾ ಎರಡೂ. ಹಿಂದಿನ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಈ ದಂಡ ಗರಿಷ್ಠ 50 ರೂಪಾಯಿ ಇತ್ತು. ಇಷ್ಟು ಭಾರ ಹೊರುವವಳಿಗೆ, ನೋಟಿಸು ಕೊಟ್ಟಿದ್ದಾರೆಯೇ, ಅದರ ಪ್ರತಿ ಎಲ್ಲಿದೆ, ತೀರ್ಮಾನ ಯಾವ ಸಭೆಯಲ್ಲಾಯಿತು ಎಂದು ಕೇಳಬೇಡ ಎನ್ನುವ ನಾಯಕತ್ವ ಅವಳ ಸಂಬಳವನ್ನು ಪಣಕ್ಕಿಟ್ಟು ಆಡುತ್ತಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪೌರಕಾರ್ಮಿಕರಿಗೆ ಸಿಕ್ಕಿದ್ದೆಲ್ಲ ಬೀದಿಯಲ್ಲಿ ಸಿಕ್ಕಿದ್ದು, ರಿಜಿಸ್ಟರು ಪುಸ್ತಕದಿಂದಲ್ಲ ಎನ್ನುತ್ತಾರೆ. 2022ರ ಜುಲೈ ಮೊದಲ ವಾರದ ನಾಲ್ಕು ದಿನಗಳ ಮುಷ್ಕರ ಇದಕ್ಕೆ ಸಾಕ್ಷಿ. ಖಾಯಮಾತಿಗೆ ಸರ್ಕಾರ ಒಪ್ಪಿದ್ದು ಅದರ ನಂತರವೇ, 2025ರ ಮೇ ಒಂದರಂದು ಬೆಂಗಳೂರಿನಲ್ಲಿ 12,692 ಮಂದಿಗೆ ನೇಮಕಾತಿ ಪತ್ರ ಸಿಕ್ಕಿದ್ದು ಅದರ ಮುಂದುವರಿಕೆಯಾಗಿ. ನಿಜ. ಆದರೆ ಖಾಯಂ ಆಗಲು ಯಾರು ಅರ್ಹರು ಎಂಬ ಪ್ರಶ್ನೆ ಬಂದಾಗ ಘೋಷಣೆ ಸಾಕಾಗುವುದಿಲ್ಲ, ದಾಖಲೆ ಬೇಕಾಗುತ್ತದೆ. ಮುಂಬಯಿಯಲ್ಲಿ ಕಚರಾ ವಾಹತೂಕ್ ಶ್ರಮಿಕ್ ಸಂಘ ವರ್ಷಗಟ್ಟಲೆ ನಡೆಸಿದ ಮೊಕದ್ದಮೆಯಲ್ಲಿ 2,700 ಗುತ್ತಿಗೆ ಸಫಾಯಿ ಕಾರ್ಮಿಕರನ್ನು ಖಾಯಂ ಎಂದು ಪರಿಗಣಿಸಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಎತ್ತಿಹಿಡಿಯಿತು. ಗೆದ್ದ ಮೇಲೂ, ಪಟ್ಟಿಯಲ್ಲಿದ್ದ ಹೆಸರು, ವಿಳಾಸಗಳ ತಪ್ಪು ತೋರಿಸಿ ಹಲವರನ್ನು ಕಾಯಿಸಲಾಯಿತು. ಆ ಗೆಲುವು ಸಾಧ್ಯವಾದದ್ದೂ ಸಂಘವಾಗಿ ನ್ಯಾಯಮಂಡಳಿಗೆ ಹೋದದ್ದರಿಂದ. ನಮ್ಮದೇ ರಾಜ್ಯದಿಂದ ಹೋದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸಂವಿಧಾನ ಪೀಠ, ಎಷ್ಟು ವರ್ಷ ತಾತ್ಕಾಲಿಕವಾಗಿ ದುಡಿದರೂ ಅದರಿಂದಲೇ ಖಾಯಮಾತಿಯ ಹಕ್ಕು ಹುಟ್ಟುವುದಿಲ್ಲ ಎಂದಿತು. ಅನುಚಿತ ಕಾರ್ಮಿಕ ಪದ್ಧತಿ ಸಾಬೀತಾದಾಗ ಕೈಗಾರಿಕಾ ನ್ಯಾಯಾಲಯಗಳಿಗಿರುವ ಅಧಿಕಾರವನ್ನು ಆ ತೀರ್ಪು ಕಸಿದುಕೊಂಡಿಲ್ಲ ಎಂದು ಅದೇ ಕೋರ್ಟ್ 2009ರಲ್ಲಿ, ಮಹಾರಾಷ್ಟ್ರ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಇನ್ನೂ ಗುತ್ತಿಗೆಯಲ್ಲೇ ಇರುವ ಕಸದ ಆಟೊ ಚಾಲಕ, ಸಹಾಯಕರಿಗೆ ಸಂಘದ ಪಟ್ಟಿಯಲ್ಲಿ ತಮ್ಮ ಹೆಸರು, ಕೆಲಸಕ್ಕೆ ಸೇರಿದ ದಿನಾಂಕ, ಭವಿಷ್ಯ ನಿಧಿ ಸಂಖ್ಯೆ ಸರಿಯಾಗಿದೆಯೇ ಎಂದು ನೋಡುವುದು ಹೋರಾಟದ ಕೆಲಸವೇ.

ಪಾಲಿಕೆ ಕೈಗಾರಿಕೆಯಲ್ಲ, ಕೈಗಾರಿಕಾ ಕಾನೂನು ನಮಗೆ ತಾಗದು ಎಂದು ಕಚೇರಿಗಳಲ್ಲಿ ಆಗಾಗ ಕೇಳಿಬರುವ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಸುಪ್ರೀಂ ಕೋರ್ಟಿನಲ್ಲಿ 1952ರಲ್ಲಿ ಬಂಗಾಳದ ಬಜ್ ಬಜ್ ಪುರಸಭೆ, 1960ರಲ್ಲಿ ನಾಗಪುರ ಪಾಲಿಕೆ, 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದೆದುರು ಬೆಂಗಳೂರಿನ ಜಲಮಂಡಳಿ ಇದೇ ವಾದ ಹೂಡಿ ಸೋತಿವೆ. ಆದರೆ ಖಾಯಂ ಆದವರು ಒಂದು ಎಚ್ಚರ ವಹಿಸಬೇಕು: ಸೇವಾ ನಿಯಮ, ನಡತೆ ನಿಯಮಗಳು ಅವರ ಮೇಲೆ ಹೆಚ್ಚು ಬಿಗಿಯಾಗುತ್ತವೆ, ಸರ್ಕಾರಿ ನೌಕರರ ಮುಷ್ಕರದ ಬಗ್ಗೆ ತಮಿಳುನಾಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2003ರ ತೀರ್ಪು ಬಹಳ ಕಠಿಣವಾಗಿದೆ. ನೇಮಕಾತಿ ಪತ್ರದಲ್ಲಿ ಯಾವ ನಿಯಮಗಳು ಅನ್ವಯ ಎಂದಿದೆ ಎಂಬುದನ್ನು ಓದಿಸಿಕೊಂಡು ತಿಳಿಯಬೇಕು.

ಪಟ್ಟಿಯ ವಿಷಯ ಈಗ ಇನ್ನಷ್ಟು ತುರ್ತಿನದು. ಹೊಸ ಸಂಹಿತೆಯಡಿ, ಒಂದು ಸಂಸ್ಥೆಯಲ್ಲಿ ಹಲವು ಸಂಘಗಳಿದ್ದರೆ, ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರ ಪೈಕಿ ಶೇ. 51ರಷ್ಟರ ಬೆಂಬಲವಿರುವ ಸಂಘವೇ ಏಕೈಕ ಮಾತುಕತೆ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20ರ ಬೆಂಬಲವಾದರೂ ಇರುವ ಸಂಘಗಳ ಪ್ರತಿನಿಧಿಗಳ ಮಂಡಳಿ. ಹೆಸರಿಗಷ್ಟೇ ಸಾವಿರಾರು ಸದಸ್ಯರಿದ್ದು ಪರಿಶೀಲನೆಯಲ್ಲಿ ನಿಲ್ಲದ ಸಂಘ ಮೇಜಿನಿಂದಲೇ ಹೊರಗುಳಿಯುತ್ತದೆ. ಬೆಂಗಳೂರಿನಲ್ಲಂತೂ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಇಡೀ ನಗರದಲ್ಲಿ ಬಹುಮತವಿದ್ದ ಸಂಘಕ್ಕೆ ಐದರಲ್ಲೂ ಬಹುಮತ ಇದ್ದೇ ಇರುತ್ತದೆ ಎಂದಿಲ್ಲ. ಪಾಲಿಕೆವಾರು ಪಟ್ಟಿ ತಯಾರಾಗಿದೆಯೇ ಎಂದು ಮುಂದಿನ ಸಾಮಾನ್ಯ ಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು. ಅದೇ ಸಭೆಯಲ್ಲಿ, ಚುನಾಯಿತ ಪದಾಧಿಕಾರಿಗಳನ್ನು ಸಂರಕ್ಷಿತ ಕಾರ್ಮಿಕರೆಂದು ಮಾನ್ಯ ಮಾಡಿಸಲು ಆಡಳಿತಕ್ಕೆ ಹೆಸರು ಕಳಿಸಲಾಗಿದೆಯೇ ಎಂದೂ ಕೇಳಬೇಕು. ಒಟ್ಟು ಕಾರ್ಮಿಕರ ಶೇ. 1ರಷ್ಟು, ಕನಿಷ್ಠ ಐವರು, ಗರಿಷ್ಠ 100 ಮಂದಿಗೆ ಈ ಸ್ಥಾನ ಸಿಗುತ್ತದೆ, ವಿವಾದ ನಡೆಯುತ್ತಿರುವಾಗ ವಿಚಾರಣಾ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಸರಿಯಾಗಿ ಚುನಾಯಿತರಾದ ದಾಖಲೆಯಿಲ್ಲದ ಪದಾಧಿಕಾರಿಗೆ ಈ ರಕ್ಷಣೆ ಕೇಳುವ ಆಧಾರವೇ ಇರುವುದಿಲ್ಲ.