ಗುಮ್ಮಟ ಬಿರುಕು ಬಿಟ್ಟಾಗ

ಯುರೋಪಿನ ಹಳೇ ಊರುಗಳಿಗೆ ಹೋದವರು ಚರ್ಚುಗಳ ಫೋಟೋ ರಾಶಿ ಹಾಕಿಕೊಂಡು ಬರ್ತಾರೆ. ಚಿತ್ರ, ಶಿಲ್ಪ, ಬಣ್ಣದ ಗಾಜು ಎಲ್ಲವೂ ನೋಡಬೇಕಾದ್ದೇ. ಆದರೆ ಇಂಜಿನಿಯರಿಂಗ್ ಓದುವ ನಮಗೆ ಒಂದು ದೊಡ್ಡ ಗುಮ್ಮಟದ ಕೆಳಗೆ ನಿಂತಾಗ ಬೇರೆಯದೇ ಪ್ರಶ್ನೆ ಬರಬೇಕು: ಇದು ಯಾಕೆ ಬೀಳ್ತಿಲ್ಲ? ರೋಮಿನ ಸೇಂಟ್ ಪೀಟರ್ಸ್ ಬಸಿಲಿಕಾದ ಬಗ್ಗೆ ಇದೇ ಪ್ರಶ್ನೆಯನ್ನು 1742ರಲ್ಲಿ ಪೋಪ್ ಕೇಳಿದರು. ಕೇಳಿದ್ದು ಮೇಸ್ತ್ರಿಗಳನ್ನಷ್ಟೇ ಅಲ್ಲ, ಗಣಿತದವರನ್ನು.

ಆ ಕಥೆಗೆ ಮೊದಲು ಗುಮ್ಮಟದ ಸ್ವಭಾವ ತಿಳ್ಕೊಳ್ಳೋಣ. ಕಿತ್ತಳೆ ಹಣ್ಣಿನ ಅರ್ಧ ಸಿಪ್ಪೆಯನ್ನು ಮೇಜಿನ ಮೇಲೆ ಕವುಚಿಟ್ಟು ನೆತ್ತಿಯ ಮೇಲೆ ಬೆರಳಿಂದ ಒತ್ತಿ ನೋಡಿ. ಅಂಚು ಹೊರಕ್ಕೆ ಸರಿಯುತ್ತೆ. ಇನ್ನೂ ಒತ್ತಿದರೆ ಅಂಚಿನಿಂದ ಮೇಲಕ್ಕೆ ಸೀಳು ಬಿಡುತ್ತೆ. ಕಲ್ಲು-ಇಟ್ಟಿಗೆಯ ಗುಮ್ಮಟ ತನ್ನ ಭಾರಕ್ಕೇ ಹೀಗೆ ಮಾಡುತ್ತೆ, ಯಾರೂ ಒತ್ತಬೇಕಾಗಿಲ್ಲ. ಒಂದೇ ದಪ್ಪದ ಅರ್ಧಗೋಳ ಅಂತ ತಗೊಂಡು ಲೆಕ್ಕ ಹಾಕಿದರೆ, ನೆತ್ತಿಯಿಂದ ಸುಮಾರು 52 ಡಿಗ್ರಿವರೆಗೆ ಹೂಪ್ ಸ್ಟ್ರೆಸ್ ಕಂಪ್ರೆಷನ್ ಆಗಿರುತ್ತೆ, ಅದರಿಂದ ಕೆಳಗೆ ಟೆನ್ಷನ್. ಇಟ್ಟಿಗೆ-ಗಾರೆಗೆ ಕಂಪ್ರೆಷನ್ ಎಂದರೆ ನೀರು ಕುಡಿದಷ್ಟು ಸಲೀಸು, ಟೆನ್ಷನ್ ಎಂದರೆ ಆಗದ ಮಾತು. ಹಾಗಾಗಿ ಬಿರುಕು ಬುಡದಲ್ಲಿ ಶುರುವಾಗಿ ನೆಟ್ಟಗೆ ಮೇಲಕ್ಕೆ ಹತ್ತುತ್ತೆ.

ರೋಮಿನಲ್ಲೇ ಇರುವ ಪ್ಯಾಂಥಿಯನ್ ಇದಕ್ಕೆ ಹಳೇ ಉದಾಹರಣೆ. ಚಕ್ರವರ್ತಿ ಹೇಡ್ರಿಯನ್ ಕಾಲದ್ದು, ಹತ್ತಿರ ಹತ್ತಿರ 1900 ವರ್ಷ ಹಿಂದಿನದು. 609ರಿಂದ ಚರ್ಚ್ ಆಗಿರೋದರಿಂದಲೇ ಇಷ್ಟು ಚೆನ್ನಾಗಿ ಉಳಿದಿದೆ. ಉಕ್ಕಿನ ಕಂಬಿ ಒಂದೂ ಇಲ್ಲದ ಕಾಂಕ್ರೀಟ್ ಗುಮ್ಮಟ, ಒಳವ್ಯಾಸ 43.3 ಮೀಟರ್. ಕೆಳಗೆ ಭಾರದ ಕಲ್ಲುಚೂರು, ಮೇಲಕ್ಕೆ ಹೋದಂತೆ ಹಗುರಾದ ಪ್ಯೂಮಿಸ್ ಕಲ್ಲು, ನೆತ್ತಿಯಲ್ಲಿ ಕಾಂಕ್ರೀಟೇ ಬೇಡ ಅಂತ ದೊಡ್ಡದೊಂದು ಬಯಲು ಕಿಂಡಿ. ಬುಡದಲ್ಲಿ ಸುಮಾರು 6 ಮೀಟರ್ ದಪ್ಪದ ಗೋಡೆ ಹೊರನೂಕನ್ನು ತಡೆಯುತ್ತೆ. ಇಷ್ಟೆಲ್ಲ ಮಾಡಿದರೂ ಗುಮ್ಮಟದ ಕೆಳಭಾಗದಲ್ಲಿ ನೆಟ್ಟಗಿನ ಬಿರುಕುಗಳಿವೆ. ಆದರೂ ನಿಂತಿದೆ. ಈ ಮಾತು ನೆನಪಿರಲಿ. (ಗೋಲಗುಮ್ಮಟ ಸೇಂಟ್ ಪೀಟರ್ಸ್ ಬಿಟ್ಟರೆ ಜಗತ್ತಿಗೇ ದೊಡ್ಡದು ಅಂತ ಶಾಲೆಯಲ್ಲಿ ಕೇಳಿದವರಿಗೊಂದು ಸುದ್ದಿ: ಸೇಂಟ್ ಪೀಟರ್ಸ್ ಒಳವ್ಯಾಸ ಸುಮಾರು 42 ಮೀಟರ್. ತನ್ನ ಊರಲ್ಲೇ ಅದು ಎರಡನೆಯದು!)

ಪ್ಯಾಂಥಿಯನ್‌ನಿಂದ ಟೈಬರ್ ನದಿ ದಾಟಿ ಅರ್ಧ ಗಂಟೆ ನಡೆದರೆ ಸೇಂಟ್ ಪೀಟರ್ಸ್. ಇದರ ಗುಮ್ಮಟ ಮೈಕೆಲ್‌ಏಂಜೆಲೊನದು ಅನ್ನೋದು ವಾಡಿಕೆ, ಆದರೆ ಅವನು 1564ರಲ್ಲಿ ತೀರಿಕೊಂಡಾಗ ಗುಮ್ಮಟ ಇನ್ನೂ ಎದ್ದಿರಲಿಲ್ಲ. ಜಾಕೊಮೊ ದೆಲ್ಲಾ ಪೋರ್ತಾ ಅದನ್ನು 1588ರಿಂದ 1590ರ ಒಳಗೆ ಕಟ್ಟಿ ಮುಗಿಸಿದ. ಒಂದರ ಮೇಲೊಂದು ಎರಡು ಇಟ್ಟಿಗೆ ಚಿಪ್ಪು, ಅವನ್ನು ಸೇರಿಸುವ 16 ಪಕ್ಕೆಲುಬು, ಕಟ್ಟುವಾಗಲೇ ಒಳಗೆ ಹುದುಗಿಸಿದ ಕಬ್ಬಿಣದ ಬಳೆಗಳು. ಎತ್ತಿನ ಗಾಡಿಯ ಚಕ್ರದ ಸುತ್ತ ಹೊಡೀತಾರಲ್ಲ ಕಬ್ಬಿಣದ ಪಟ್ಟಿ, ಅದೇ ಕೆಲಸ. ಆದರೆ ಎಷ್ಟು ಬಳೆ ಬೇಕು, ಎಷ್ಟು ದಪ್ಪ ಬೇಕು ಅಂತ ಲೆಕ್ಕ ಹಾಕುವ ವಿದ್ಯೆ ಆಗ ಯಾರ ಹತ್ತಿರವೂ ಇರಲಿಲ್ಲ. ನೂರೈವತ್ತು ವರ್ಷದಲ್ಲಿ ಗುಮ್ಮಟ ಬಿರುಕು ಬಿಟ್ಟಿತು.

ಪೋಪ್ 14ನೇ ಬೆನೆಡಿಕ್ಟ್ ಮೂವರು ಗಣಿತಜ್ಞರನ್ನು ಕರೆಸಿದರು: ಲೆ ಸ್ಯೂರ್, ಜಾಕಿಯೆ ಮತ್ತು ಬೋಸ್ಕೊವಿಚ್. ಮೊದಲಿನ ಇಬ್ಬರು ನ್ಯೂಟನ್‌ನ ಪ್ರಿನ್ಸಿಪಿಯಾಕ್ಕೆ ಟಿಪ್ಪಣಿ ಬರೆದವರು, ಮೂರನೆಯವನು ಜೆಸ್ಯೂಟ್ ಪಾದ್ರಿ. ಗುಮ್ಮಟ ಬೀಳೋದಾದರೆ ಯಾವ ಯಾವ ಜಾಗದಲ್ಲಿ ಕೀಲು ಬಿಟ್ಟು ಬೀಳುತ್ತೆ ಅಂತ ಅವರು ಮೊದಲು ಊಹಿಸಿದರು. ಆಮೇಲೆ, ಭಾರ ಇಷ್ಟು ಕೆಳಗಿಳಿದರೆ ಬಳೆಗಳು ಎಷ್ಟು ಹಿಗ್ಗಬೇಕು ಅಂತ ಎರಡನ್ನೂ ತೂಗಿ ನೋಡಿದರು. ನಾವು ವರ್ಚುವಲ್ ವರ್ಕ್ ಅಂತ ಓದ್ತೀವಲ್ಲ, ಅದೇ ಯೋಚನೆ. 30 ಲಕ್ಷ ರೋಮನ್ ಪೌಂಡಿಗೂ ಹೆಚ್ಚು, ಅಂದರೆ ಸಾವಿರ ಟನ್ನಿಗೂ ಮೀರಿದ ಬಲ ಸಾಲದು ಅಂತ ಉತ್ತರ ಬಂತು. ಹೊಸ ಬಳೆಗಳನ್ನು ಹಾಕಿ ಅಂದರು. ನಿಂತಿರುವ ಕಟ್ಟಡವೊಂದರ ಕಾಯಿಲೆಯನ್ನು ಬಲಶಾಸ್ತ್ರದ ಲೆಕ್ಕದಿಂದ ಪತ್ತೆ ಮಾಡಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು.

ಊರಿನವರಿಗೆ ಇದು ಸರಿಬರಲಿಲ್ಲ. ಗಣಿತವಿಲ್ಲದೆ ಕಟ್ಟಿದ ಗುಮ್ಮಟವನ್ನು ಗಣಿತವಿಲ್ಲದೆ ರಿಪೇರಿ ಮಾಡೋಕಾಗಲ್ವಾ ಅಂತ ಆಕ್ಷೇಪ ಎದ್ದಿತು. ಅಷ್ಟೊಂದು ಬಲ ನಿಜವಾಗಿ ಸಾಲದೇ ಇದ್ದಿದ್ದರೆ ಗುಮ್ಮಟ ಕಟ್ಟಿದ ದಿನವೇ ಬೀಳಬೇಕಿತ್ತಲ್ಲ ಎಂಬ ವಾದವೂ ಇತ್ತು. ನನಗನ್ನಿಸೋದು, ಮೊದಲನೆಯದು ಬರೀ ಹಟ, ಎರಡನೆಯದರಲ್ಲಿ ಹುರುಳಿದೆ.

ಆಗ ಕರೆ ಹೋದದ್ದು ಪಡುವಾ ವಿಶ್ವವಿದ್ಯಾಲಯದ ಪ್ರೊಫೆಸರ್ ಜೊವಾನ್ನಿ ಪೊಲೆನಿಗೆ. ಅವನು ಮಾಡಿದ ಪ್ರಯೋಗವನ್ನು ಹಾಸ್ಟೆಲ್ ರೂಮಿನಲ್ಲೂ ಮಾಡಬಹುದು. ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದಾಗ ಅದರಲ್ಲಿ ಇರೋದು ಬರೀ ಟೆನ್ಷನ್. ಅದೇ ಆಕಾರವನ್ನು ತಲೆಕೆಳಗು ಮಾಡಿದರೆ ಬರೀ ಕಂಪ್ರೆಷನ್, ಅಂದರೆ ಕಲ್ಲಿಗೆ ಬೇಕಾದ್ದೇ. ಈ ಸೂತ್ರವನ್ನು ರಾಬರ್ಟ್ ಹುಕ್ 1675ರಲ್ಲೇ ಯಾರಿಗೂ ಅರ್ಥವಾಗದ ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿದ್ದ (ಹೌದು, ನಮ್ಮ ಹುಕ್ಸ್ ಲಾ ಹುಕ್ಕೇ). ಪೊಲೆನಿ ಗುಮ್ಮಟವನ್ನು ಕಿತ್ತಳೆ ತೊಳೆಗಳ ಹಾಗೆ ಹೋಳು ಮಾಡಿಕೊಂಡು, ಒಂದು ಹೋಳನ್ನು 32 ತುಂಡಾಗಿ ವಿಂಗಡಿಸಿದ. ಪ್ರತಿ ತುಂಡಿನ ಭಾರಕ್ಕೆ ತಕ್ಕ ಪುಟ್ಟ ತೂಕವನ್ನು ದಾರಕ್ಕೆ ಪೋಣಿಸಿ ಜೋತುಬಿಟ್ಟ. ಆ ವಕ್ರರೇಖೆಯನ್ನು ಮಗುಚಿ ಗುಮ್ಮಟದ ನಕ್ಷೆಯ ಮೇಲೆ ಇಟ್ಟರೆ ಪೂರ್ತಿ ಗೋಡೆಯ ದಪ್ಪದ ಒಳಗೇ ಕೂತಿತು.

ಅಂದರೆ ಹೋಳುಗಳು ಒಂದಕ್ಕೊಂದು ಅಂಟಿರದಿದ್ದರೂ, ಮಧ್ಯೆ ಬಿರುಕಿದ್ದರೂ, ಬುಡ ಸರಿಯದಂತೆ ಹಿಡಿದಿಟ್ಟರೆ ಗುಮ್ಮಟ ನಿಲ್ಲುತ್ತೆ. ಪ್ಯಾಂಥಿಯನ್ ನಿಂತಿರೋದೂ ಹೀಗೇ. ಪೊಲೆನಿ ಕೂಡ ಬಳೆ ಹಾಕಿ ಅಂತಲೇ ಹೇಳಿದ, ಆದರೆ ಬಿದ್ದೇ ಹೋಗುತ್ತೆ ಎಂಬ ಗಾಬರಿಯಿಂದಲ್ಲ, ಬಿರುಕು ಬೆಳೆಯದಿರಲಿ ಅಂತ. ವಾನ್ವಿತೆಲ್ಲಿಯ ಉಸ್ತುವಾರಿಯಲ್ಲಿ 1743-44ರಲ್ಲಿ ಐದು ಬಳೆ ಹಾಕಿದರು. ಹಳೇ ಬಳೆಯೊಂದು ತುಂಡಾಗಿರೋದು ಗೊತ್ತಾಗಿ 1748ರಲ್ಲಿ ಆರನೆಯದೂ ಬಂತು. ದಪ್ಪದೊಳಗೆ ಒಂದು ಥ್ರಸ್ಟ್ ಲೈನ್ ಸಿಕ್ಕರೆ ಸಾಕು, ಕಟ್ಟಡ ಸೇಫ್ ಎಂಬ ಮಾತಿಗೆ ಪ್ಲಾಸ್ಟಿಕ್ ಥಿಯರಿಯ ಆಧಾರ ಕೊಟ್ಟು ಜಾಕ್ ಹೇಮನ್ ಬರೆದದ್ದು 1966ರಲ್ಲಿ. ದಾರ ಮತ್ತು ತೂಕದಿಂದ ಅಲ್ಲಿಗೆ ಇನ್ನೂರು ವರ್ಷಕ್ಕೂ ಹೆಚ್ಚು ದಾರಿ.

ಲಂಡನ್ನಿಗೆ ಹೋಗುವವರು ಸೇಂಟ್ ಪಾಲ್ಸ್ ನೋಡಲೇಬೇಕು. ಹುಕ್‌ನ ಗೆಳೆಯ ಕ್ರಿಸ್ಟೋಫರ್ ರೆನ್ ಕಟ್ಟಿದ್ದು. ಹೊರಗೆ ಕಾಣೋ ಗುಮ್ಮಟಕ್ಕೂ ಒಳಗಿನ ಗುಮ್ಮಟಕ್ಕೂ ನಡುವೆ ಅವಿತಿರುವ ಇಟ್ಟಿಗೆಯ ಶಂಕುವೇ ತುದಿಯ ಕಲ್ಲುಮಂಟಪವನ್ನು ಹೊತ್ತಿರೋದು. ಫ್ಲಾರೆನ್ಸ್‌ನಲ್ಲಿ ಬ್ರುನೆಲೆಸ್ಕಿ 1420ರಿಂದ 1436ರವರೆಗೆ, ನೆಲದಿಂದ ಮರದ ಸೆಂಟ್ರಿಂಗ್ ಎಬ್ಬಿಸದೆ ಕಟ್ಟಿದ ಎಂಟುಮೂಲೆಯ ಗುಮ್ಮಟವಿದೆ. ಅಲ್ಲಿ 463 ಮೆಟ್ಟಿಲು ಹತ್ತಬೇಕು, ಲಿಫ್ಟ್ ಇಲ್ಲ. ಅದಕ್ಕೂ ಬಿರುಕುಗಳಿವೆ, ಉಪಕರಣಗಳನ್ನಿಟ್ಟು ಅವುಗಳ ಚಲನೆ ಅಳೀತಾನೇ ಇರ್ತಾರೆ.

ಸೇಂಟ್ ಪೀಟರ್ಸ್‌ನಲ್ಲಿ 551 ಮೆಟ್ಟಿಲು. ಲಿಫ್ಟ್ ತಗೊಂಡರೂ 320 ಹತ್ತಲೇಬೇಕು. ಕೊನೆಯ ಭಾಗದಲ್ಲಿ ನೀವು ಎರಡು ಚಿಪ್ಪುಗಳ ನಡುವೆ ಹೋಗ್ತಿರ್ತೀರಿ. ಗುಮ್ಮಟ ಒಳಕ್ಕೆ ಬಾಗಿದಂತೆ ಗೋಡೆಯೂ ಬಾಗುತ್ತೆ, ಅದರ ಜೊತೆ ನೀವೂ ಓರೆಯಾಗಿ ನಡೀಬೇಕು.